‘ಸೀದಾ ಕೂರುತ್ತದೆ’ ಎಂದ ಮಾತನ್ನು ನಂಬಿ ಬ್ಯಾನ್ಶಿಗೆ ಸಿಲಿಂಡರ್ ಕೊಳ್ಳಬೇಡಿ

ಯಮಹಾ ಬ್ಯಾನ್ಶಿ ಎಂಬ ನಾಲ್ಕು ಚಕ್ರದ ಎಟಿವಿಯನ್ನು ಡ್ರ್ಯಾಗ್ ರೇಸಿಗೆ (ನೇರ ದಾರಿಯ ಕಿರು ಓಟಕ್ಕೆ) ಸಜ್ಜುಗೊಳಿಸಲು ಹೊರಗಿನ ತಯಾರಕರ ಸಿಲಿಂಡರ್ ಹುಡುಕುತ್ತಿರುವ ಅರಿಜೋನಾ, ಕ್ಯಾಲಿಫೋರ್ನಿಯಾದ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಬಳಸಿದ ಒಂದು ಜೋಡಿ ಸಿಲಿಂಡರಿಗೆ ನಾನು 850 ಡಾಲರ್ ಕೊಟ್ಟೆ, ಅವು ನನ್ನ ಎಂಜಿನ್ನಿಗೆ ಸೇರಿದವೇ ಅಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅವನ್ನು ನನಗೆ ಮಾರಿದ ಮನುಷ್ಯ ಇನ್ನೂ ಮಾರುತ್ತಿದ್ದಾನೆ.

ಬ್ಯಾನ್ಶಿಯ ಮೂಲ ಎಂಜಿನ್ 347 ಸಿಸಿ, ಬೋರ್ (ಸಿಲಿಂಡರಿನ ಒಳವ್ಯಾಸ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಚಲಿಸುವ ದೂರ) 54 ಮಿ.ಮೀ. ಎಂಬುದು ನಿಮಗೆ ಗೊತ್ತೇ ಇದೆ. 68 ಮಿ.ಮೀ. ಬೋರಿನ ಸಿಲಿಂಡರ್ ಹಾಕಿದರೆ ಅದೇ ಕ್ರ್ಯಾಂಕಿನಲ್ಲಿ (ಪಿಸ್ಟನ್ನನ್ನು ಆಡಿಸುವ, ಸ್ಟ್ರೋಕನ್ನು ನಿರ್ಧರಿಸುವ ದಂಡದಲ್ಲಿ) 392 ಸಿಸಿ ಆಗುತ್ತದೆ, 58 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕನ್ನೂ ಹಾಕಿದರೆ 421 ಆಗುತ್ತದೆ. ನನ್ನದು ಮೂಲ ಕ್ರ್ಯಾಂಕ್. ಅದಕ್ಕೇ ಹಣ ಕಳುಹಿಸುವ ಮೊದಲು, ಇವು 54ಕ್ಕೋ 58ಕ್ಕೋ ಎಂದು ಸ್ಪಷ್ಟವಾಗಿ ಬರೆದು ಕೇಳಿದ್ದೆ. ‘54ಕ್ಕೇ, ಸೀದಾ ಕೂರುತ್ತದೆ, ಏನೂ ಕೊರೆಯಬೇಕಾಗಿಲ್ಲ’ ಎಂದು ಆತ ಉತ್ತರಿಸಿದ. ಶುಲ್ಕ ಉಳಿಯುತ್ತದೆಂದು ಹೇಳಿ, ಸ್ನೇಹಿತರಿಗೆ ಹಣ ಕಳುಹಿಸುವ ಬಗೆಯಲ್ಲಿ ಪಾವತಿಸಲು ಕೇಳಿದ. ನಾನು ಹಾಗೆಯೇ ಮಾಡಿದೆ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಗೆಳೆಯರ ಜೊತೆ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುಗುಡ್ಡಗಳಿಗೆ ಹೋಗುವುದು ನಿಶ್ಚಯವಾಗಿತ್ತು. ಅದಕ್ಕೆ ಹತ್ತು ದಿನವಿರುವಾಗ ಗ್ಯಾರೇಜಿನಲ್ಲಿ ಸಿಲಿಂಡರುಗಳನ್ನು ಕೂರಿಸಿ, ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಹಾಕುವ ಮೊದಲು ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಪಿಸ್ಟನ್ ಮೇಲೇರಿತು, ಏರಿ ನಿಂತಿತು, ಸಿಲಿಂಡರಿನ ಮೇಲಂಚಿಗೆ ಮಾತ್ರ ಮುಟ್ಟಲಿಲ್ಲ. ನಾನೇ ತಪ್ಪಾಗಿ ಜೋಡಿಸಿದ್ದೇನೆಂದು ಭಾವಿಸಿ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದೆ. ಎರಡನೆಯ ಸಲವೂ ಅಷ್ಟೇ. ವರ್ನಿಯರ್ ಇಟ್ಟು ಅಳೆದಾಗ ಎರಡೂ ಸಿಲಿಂಡರುಗಳಲ್ಲಿ ಪಿಸ್ಟನ್ ಸರಿಯಾಗಿ 2 ಮಿ.ಮೀ. ಕೆಳಗಿತ್ತು. ಕೆಳತುದಿಗೆ ತಂದು ನೋಡಿದರೆ ಪೋರ್ಟುಗಳ (ಇಂಧನ ಒಳಬರುವ, ಹೊಗೆ ಹೊರಹೋಗುವ ಸಿಲಿಂಡರ್ ಗೋಡೆಯ ಕಿಂಡಿಗಳ) ತಳದಲ್ಲಿ 2 ಮಿ.ಮೀ.ಯಷ್ಟು ಪಿಸ್ಟನ್ನಿನಿಂದಲೇ ಮುಚ್ಚಿಕೊಂಡಿತ್ತು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಅಂದರೆ 58ರ ಸ್ಟ್ರೋಕಿಗೆಂದೇ ಮಾಡಿದ ಸಿಲಿಂಡರುಗಳನ್ನು 54ರದ್ದೆಂದು ನನಗೆ ಕೊಟ್ಟಿದ್ದಾನೆ. ಆ ಕ್ಷಣದಲ್ಲಿ ನನಗಾದ ಸಿಟ್ಟನ್ನು ಹೇಗೆ ಬರೆಯಲಿ? ಕೇಳಿದ್ದೆ, ಬಾಯಿಮಾತಿನಲ್ಲಲ್ಲ, ಬರೆದು ಕೇಳಿದ್ದೆ.

ಫೋಟೋ ಸಹಿತ ಆತನಿಗೆ ಬರೆದೆ. ಮೊದಲ ಉತ್ತರ: ‘ನಿಮ್ಮ ಬೇಸ್ ಗ್ಯಾಸ್ಕೆಟ್ ದಪ್ಪದ್ದಿರಬೇಕು.’ ಸಿಲಿಂಡರಿನ ಬುಡಕ್ಕೆ ಹಾಕುವ ಅರ್ಧ ಮಿ.ಮೀ. ದಪ್ಪದ ಗ್ಯಾಸ್ಕೆಟ್ ಎರಡು ಮಿ.ಮೀ. ಅಂತರವನ್ನು ಹೇಗೆ ತರುತ್ತದೆ? ಎರಡನೆಯದು: ‘ಹೆಡ್ಡಿನ ಡೋಮ್ ಬದಲಿಸಿ, ಸರಿಹೋಗುತ್ತದೆ.’ ಹೆಡ್ಡಿನೊಳಗಿನ ಗುಮ್ಮಟದಂಥ ಆ ಭಾಗವನ್ನು ಬದಲಿಸಿದರೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಬರಬಹುದು, ಆದರೆ ತಡವಾಗಿ ತೆರೆದು ಬೇಗ ಮುಚ್ಚುವ ಪೋರ್ಟುಗಳಿಗೆ ಅದರಿಂದ ಏನೂ ಆಗುವುದಿಲ್ಲ, ಮತ್ತು 300 ಅಡಿಯ ಮರಳಿನ ಓಟದಲ್ಲಿ ನಮಗೆ ಬೇಕಾದ ಮೇಲಿನ ಆರ್‌ಪಿಎಂನ ಶಕ್ತಿ ಬರುವುದು ಆ ಪೋರ್ಟುಗಳಿಂದಲೇ. ಮೂರನೆಯದಾಗಿ ‘ಸ್ಟ್ರೋಕ್ ಎಷ್ಟೆಂದು ನೀವು ಕೇಳಲೇ ಇಲ್ಲ’ ಎಂದ. ಆತನದೇ ಉತ್ತರದ ಸ್ಕ್ರೀನ್‌ಶಾಟ್ ಕಳುಹಿಸಿದೆ. ಅದಕ್ಕೆ ಬಂದ ಮಾತನ್ನು ನಾನು ಮರೆಯಲಾರೆ: ‘ನನ್ನ ಬಳಿ 58ರ ಕ್ರ್ಯಾಂಕ್ ಇದೆ, ಬೇಕಾದರೆ 400 ಡಾಲರಿಗೆ ಕೊಡುತ್ತೇನೆ.’ ಹಾಗಾದರೆ ಆತನಿಗೆ ಮೊದಲಿನಿಂದಲೂ ಗೊತ್ತಿತ್ತು! ಮರುದಿನದಿಂದ ನನ್ನ ಸಂದೇಶಗಳು ಆತನಿಗೆ ತಲುಪುತ್ತಿಲ್ಲ. ಸ್ನೇಹಿತನಿಗೆ ಕಳುಹಿಸಿದ ಹಣವೆಂದು ದಾಖಲಾಗಿದ್ದರಿಂದ ಪಾವತಿ ಸಂಸ್ಥೆಯವರೂ ಕೈಚೆಲ್ಲಿದರು.

ಕೊಳ್ಳುವವರು ಸಿಲಿಂಡರಿನ ಒಟ್ಟು ಎತ್ತರ ಮತ್ತು ಮೇಲಂಚಿನಿಂದ ಎಕ್ಸಾಸ್ಟ್ ಪೋರ್ಟಿನವರೆಗಿನ (ಹೊಗೆ ಹೊರಹೋಗುವ ಕಿಂಡಿಯವರೆಗಿನ) ಅಳತೆ, ಇವೆರಡನ್ನೂ ವರ್ನಿಯರ್ ಇಟ್ಟ ಫೋಟೋ ಸಮೇತ ಕೇಳಿ, ನಿಮಗೆ ಪರಿಚಯದ ಎಂಜಿನ್ ಶಾಪಿನವರಿಗೆ ತೋರಿಸಿ. ಅಳತೆ ಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ. ಸ್ನೇಹಿತರಿಗೆ ಕಳುಹಿಸುವ ಬಗೆಯಲ್ಲಿ ಮಾತ್ರ ಯಾವ ಕಾರಣಕ್ಕೂ ಹಣ ಕೊಡಬೇಡಿ, ಯಾವ ಕಾರಣಕ್ಕೂ.

ಆ ರಜೆಯಲ್ಲಿ ಗೆಳೆಯರು ಗ್ಲಾಮಿಸ್‌ನಲ್ಲಿ ಗಾಡಿ ಓಡಿಸಿದರು, ನನ್ನದು ಮನೆಯಲ್ಲೇ ಉಳಿಯಿತು. ಹಿಂತಿರುಗಿದ ಗೆಳೆಯನೊಬ್ಬ ಆತನ ಹೊಸ ಜಾಹೀರಾತನ್ನು ನನಗೆ ಕಳುಹಿಸಿದ. ಇನ್ನೊಂದು ಜೋಡಿ ಸಿಲಿಂಡರ್, 850 ಡಾಲರ್, ‘ಸೀದಾ ಕೂರುತ್ತದೆ’.