ಬಣ್ಣದ ವಜ್ರ: ನೀಲಿ ಕೈಕೊಟ್ಟಿತು, ಲ್ಯಾಬ್ ಹಳದಿ ಕೈಹಿಡಿಯಿತು

ಬಣ್ಣದ ವಜ್ರದ ಉಂಗುರ ತಗೊಳ್ಳೋದಾದರೆ ನನ್ನ ಓಟು ಲ್ಯಾಬ್‌ನಲ್ಲಿ ಬೆಳೆಸಿದ ಹಳದಿಗೆ. ಮೂರು ಬಗೆಯನ್ನೂ ಹಾಕಿಕೊಂಡು ನೋಡಿದ್ದೇನೆ. ವಿಕಿರಣ ಕೊಟ್ಟು ಬಣ್ಣ ಬರಿಸಿದ ನೀಲಿ ನಾನು ಮೊದಲು ಕೊಂಡದ್ದು. ಗಣಿಯಿಂದ ಬಂದ ತಿಳಿ ಹಳದಿ ಅತ್ತಿಗೆಯದು, ಮದುವೆ ಸೀಸನ್ನಿನಲ್ಲಿ ಕೇಳಿ ಹಾಕಿಕೊಂಡಿದ್ದೆ. ಲ್ಯಾಬ್ ಹಳದಿ ಈಗ ದಿನಾ ನನ್ನ ಬೆರಳಲ್ಲಿದೆ. ಮೂರೂ ಅಪ್ಪಟ ವಜ್ರಗಳೇ, ಗಟ್ಟಿತನದಲ್ಲಿ ಏನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಬಣ್ಣ ಹರಳಿನೊಳಗೆ ಹೇಗೆ ಕೂತಿದೆ ಅನ್ನೋದರಲ್ಲಿ.

ನೀಲಿಯ ಕಥೆ ಸ್ವಲ್ಪ ಉದ್ದ. ಅಂಗಡಿಯಲ್ಲಿ ನೋಡಿದಾಗ ನವಿಲುಗರಿಯ ಬಣ್ಣ, ಬೆಲೆಯೂ ಕೈಗೆಟುಕುವ ಹಾಗಿತ್ತು. ಬಿಲ್ಲಿನಲ್ಲಿ ‘ನೀಲಿ ವಜ್ರ’ ಅಂತ ಇತ್ತು, ಅಷ್ಟೇ. ಅವರದ್ದೇ ಒಂದು ಕಾರ್ಡ್ ಕೊಟ್ಟರು, ವಜ್ರ ಪರೀಕ್ಷಿಸುವ ಬೇರೆ ಲ್ಯಾಬಿನ ರಿಪೋರ್ಟ್ ಇರಲಿಲ್ಲ. ಉಂಗುರ ಬಿಗಿಯಾಗಿದೆ ಅಂತ ಸೈಜ್ ದೊಡ್ಡದು ಮಾಡಿಸೋಕೆ ಅದೇ ಅಂಗಡಿಗೆ ಕೊಟ್ಟೆ. ಅಕ್ಕಸಾಲಿ ಹರಳು ಬಿಚ್ಚಲಿಲ್ಲ. ವಜ್ರದ ಉಂಗುರಕ್ಕೆ ಸಾಮಾನ್ಯವಾಗಿ ಬಿಚ್ಚೋದೂ ಇಲ್ಲ, ಯಾಕಂದರೆ ವಜ್ರ ಬೆಸುಗೆಯ ಬೆಂಕಿ ತಡೆದುಕೊಳ್ಳುತ್ತೆ. ಹರಳಿಗೆ ಬೋರಿಕ್ ಪುಡಿಯ ಬಿಳಿ ಲೇಪ ಬಳಿದರು, ಉಂಗುರದ ಕೆಳಗಿನ ಬಳೆ ಕತ್ತರಿಸಿ ಚೂರು ಚಿನ್ನ ಸೇರಿಸಿದರು, ಗ್ಯಾಸ್ ಟಾರ್ಚ್ ಹಿಡಿದರು. ತಣ್ಣಗಾದ ಮೇಲೆ ತೊಳೆದು ನೋಡಿದರೆ ನವಿಲುಗರಿ ಬಣ್ಣ ಹೋಗಿ ಮಂಕಾದ ಹಸಿರು ಹಳದಿ ಬಂದಿತ್ತು. ಅದೂ ಒಂದು ಕಡೆ ಮಾತ್ರ ಅಲ್ಲ, ಇಡೀ ಹರಳು.

ಹೀಗ್ಯಾಕೆ ಆಗುತ್ತೆ ಅಂದರೆ, ನೀಲಿ ಬರಿಸೋಕೆ ಬೆಲೆ ಕಡಿಮೆ ಇರುವ ಹರಳನ್ನು ಯಂತ್ರದಲ್ಲಿಟ್ಟು ಎಲೆಕ್ಟ್ರಾನ್‌ಗಳನ್ನು ಹಾಯಿಸುತ್ತಾರೆ, ವಿಕಿರಣ ಕೊಡೋದು ಅಂದರೆ ಇದೇ. ಕೆಲವು ಕಾರ್ಬನ್ ಪರಮಾಣುಗಳು ತಮ್ಮ ಜಾಗದಿಂದ ಎಗರಿ ಅಲ್ಲಿ ಖಾಲಿ ಉಳಿಯುತ್ತೆ. ಆ ಖಾಲಿ ಜಾಗಗಳು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತವೆ, ನಮಗೆ ನೀಲಿ ಹಸಿರು ಕಾಣುತ್ತೆ. ಶಾಖ ಜಾಸ್ತಿ ಆದರೆ ಈ ಖಾಲಿ ಜಾಗಗಳು ಹರಳಿನೊಳಗೇ ಓಡಾಡಿ, ಅಲ್ಲಿರುವ ನೈಟ್ರೋಜನ್ ಪಕ್ಕ ಹೋಗಿ ಕೂರುತ್ತವೆ. ಆಗ ಬಣ್ಣವೇ ಬೇರೆ. ಕಾರ್ಖಾನೆಗಳಲ್ಲಿ ಬೇಕಂತಲೇ ಹೀಗೆ ಕಾಯಿಸಿ ಹಳದಿ, ಕಿತ್ತಳೆ ಬಣ್ಣ ಬರಿಸುತ್ತಾರೆ. ಚಿನ್ನದ ಬೆಸುಗೆಗೆ ಸುಮಾರು 700 ಡಿಗ್ರಿ ಬೇಕು, ವಜ್ರವೋ ತಾಮ್ರಕ್ಕಿಂತ ಬೇಗ ಶಾಖ ಹರಡುವ ವಸ್ತು. ಟಾರ್ಚ್ ಕೆಳಗಿನ ಬಳೆಗೆ ಹಿಡಿದರೂ ಬಿಸಿ ಮೇಲೆ ಹತ್ತದೆ ಇರುತ್ತಾ?

ಕೇಳಿದ್ದಕ್ಕೆ ಅಂಗಡಿಯವರು “ಎಲ್ಲ ನೀಲಿ ವಜ್ರವೂ ಹೀಗೇನೇ ಮೇಡಂ” ಅಂದರು. ಅದು ಸುಳ್ಳು. ಬೋರಾನ್ ಎಂಬ ಮೂಲವಸ್ತು ಹರಳಿನೊಳಗೆ ಸೇರಿ ನೀಲಿಯಾದ ವಜ್ರಕ್ಕೆ ಈ ಕಾಟ ಇಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿರುವ 45.52 ಕ್ಯಾರೆಟ್‌ನ ಹೋಪ್ ವಜ್ರದ ನೀಲಿ ಬೋರಾನ್‌ನದ್ದೇ. ಅದು ಸಿಕ್ಕಿದ್ದು ಕೊಲ್ಲೂರಿನ ಗಣಿಯಲ್ಲಿ ಎನ್ನುತ್ತಾರೆ, ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಕೃಷ್ಣಾ ತೀರದ್ದು. ವಿಕಿರಣ ಕೊಟ್ಟ ಹರಳು ಮಾರೋದು ತಪ್ಪಲ್ಲ. ಹೇಳದೆ ಮಾರೋದು ತಪ್ಪು. ಅವರು ಹೇಳಿದ್ದರೆ ಅಕ್ಕಸಾಲಿ ಹರಳು ಬಿಚ್ಚಿಟ್ಟು ಬೆಸುಗೆ ಹಾಕುತ್ತಿದ್ದರು, ಮುಗೀತು.

ಅತ್ತಿಗೆಯ ಹಳದಿಯಲ್ಲಿ ದೋಷ ಹುಡುಕೋದು ಕಷ್ಟ. ಹರಳು ಪರೀಕ್ಷಿಸುವ ಅಮೆರಿಕದ ಸಂಸ್ಥೆ ಜಿಐಎಯ ರಿಪೋರ್ಟ್‌ನಲ್ಲಿ ‘ಫ್ಯಾನ್ಸಿ ಲೈಟ್’ ಅಂತಿದೆ, ಅಂದರೆ ತಿಳಿ ಬಣ್ಣದ ದರ್ಜೆ. ಭೂಮಿಯ ಆಳದಲ್ಲಿ ಕೋಟ್ಯಂತರ ವರ್ಷ ಬಿಸಿಯಲ್ಲಿದ್ದಾಗ ನೈಟ್ರೋಜನ್ ಪರಮಾಣುಗಳು ಒಂದರ ಪಕ್ಕ ಒಂದು ಗುಂಪು ಸೇರುತ್ತವೆ, ಹಾಗಾದಾಗ ಸಾಮಾನ್ಯವಾಗಿ ತಿಳಿ ಹಳದಿ ಬರುತ್ತೆ. ನಿಂಬೆಹಣ್ಣಿನ ತರಹ ಗಾಢ ಬಣ್ಣ ಬೇಕಂದರೆ ನೈಟ್ರೋಜನ್ ಒಂಟಿ ಒಂಟಿಯಾಗಿರಬೇಕು, ಗಣಿಯಲ್ಲಿ ಅಂಥದ್ದು ಅಪರೂಪ, ಬೆಲೆ ನನ್ನ ಲೆಕ್ಕಕ್ಕೆ ಮೀರಿದ್ದು. ಮಧ್ಯಾಹ್ನದ ಬಿಸಿಲಿಗೆ ಹಿಡಿದರೆ ಅತ್ತಿಗೆಯ ಹರಳು ಹೆಚ್ಚುಕಮ್ಮಿ ಬಿಳಿಯೇ ಅನ್ನಿಸುತ್ತೆ, ಚಿನ್ನದ ಹಳದಿಯೇ ಅದಕ್ಕೆ ಅರ್ಧ ಬಣ್ಣ ಕೊಟ್ಟಿದೆ.

ಲ್ಯಾಬ್ ಹಳದಿಯಲ್ಲಿ ಈ ತೊಂದರೆಯೇ ಇಲ್ಲ. ಭಾರೀ ಒತ್ತಡ, ಭಾರೀ ಶಾಖದಲ್ಲಿ ಹರಳು ಬೆಳೆಸುವಾಗ ಗಾಳಿಯ ನೈಟ್ರೋಜನ್ ತಾನಾಗೇ ಒಳಗೆ ಸೇರುತ್ತೆ. ಬೆಳೆಯೋಕೆ ಹಿಡಿಯುವ ಸಮಯ ಕಡಿಮೆ, ಗುಂಪು ಸೇರೋಕೆ ಪುರುಸೊತ್ತಿಲ್ಲದೆ ಪರಮಾಣುಗಳು ಒಂಟಿಯಾಗೇ ಉಳಿಯುತ್ತವೆ. ಅದಕ್ಕೇ ಬಣ್ಣ ಅಷ್ಟು ಗಾಢ. ಟ್ಯೂಬ್‌ಲೈಟಲ್ಲೂ ಹಳದಿ, ಬಿಸಿಲಲ್ಲೂ ಹಳದಿ. ಇದನ್ನೂ ಸೈಜ್ ಮಾಡಿಸಿದೆ, ಹರಳು ಬಿಚ್ಚದೇ, ಬಣ್ಣ ಕದಲಲಿಲ್ಲ. ಅಂಚಿನಲ್ಲಿ ಲೇಸರ್‌ನಿಂದ ‘ಲ್ಯಾಬ್ ಗ್ರೋನ್’ ಅಂತ ನಂಬರ್ ಸಮೇತ ಬರೆದಿದೆ, ಅಕ್ಕಸಾಲಿಗಳ ಭೂತಗನ್ನಡಿ ಲೂಪ್ ಹಿಡಿದರೆ ಓದಬಹುದು, ಮುಚ್ಚಿಡೋದು ಏನೂ ಇಲ್ಲ.

ವಾಪಸ್ ಮಾರಿದರೆ ಇದಕ್ಕೆ ಏನೂ ಹುಟ್ಟಲ್ಲ, ನಿಜ. ಹೂಡಿಕೆಗೆ ನಾನು ಚಿನ್ನವನ್ನೇ ಕೊಳ್ಳೋದು. ಉಂಗುರ ಹಾಕಿಕೊಂಡೇ ಹಿಟ್ಟು ಕಲಸುವವಳು ನಾನು, ತೂಕ ಏರಿ ಇಳಿದಂತೆ ಸೈಜ್ ಮಾಡಿಸುತ್ತಲೇ ಇರಬೇಕು. ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆದು, ಮುಂದೆ ಮಗಳಿಗೆ ಕೊಡುವ ಯೋಚನೆ ಇರೋರು ಅತ್ತಿಗೆಯಂತೆ ಗಣಿಯದ್ದೇ ತಗೊಳ್ಳಲಿ.

ನೀಲಿಯೇ ಬೇಕಂದರೆ ಬೋರಾನ್ ಸೇರಿಸಿ ಬೆಳೆಸಿದ ಲ್ಯಾಬ್ ನೀಲಿ ಕೇಳಿ. ಪಿಂಕ್ ಆದರೆ ಹುಷಾರು. ಗಣಿಯ ಪಿಂಕ್‌ಗೆ ಬಣ್ಣ ಬರೋದು ಹರಳಿನ ಜೋಡಣೆಯೇ ಒತ್ತಡಕ್ಕೆ ತಿರುಚಿಕೊಂಡಾಗ, ಅಂಥವನ್ನು ಹೆಚ್ಚಾಗಿ ಕೊಡುತ್ತಿದ್ದ ಆಸ್ಟ್ರೇಲಿಯಾದ ಆರ್ಗೈಲ್ ಗಣಿ 2020ರಲ್ಲಿ ಮುಚ್ಚಿತು. ಲ್ಯಾಬ್ ಪಿಂಕ್‌ಗೆ ಬೆಳೆಸಿದ ಮೇಲೆ ವಿಕಿರಣ, ಶಾಖ ಎರಡೂ ಕೊಡೋದು ಸಾಮಾನ್ಯ, ಹಾಗಾಗಿ ರಿಪೋರ್ಟ್ ಓದದೆ ಅಡ್ವಾನ್ಸ್ ಕೊಡಬೇಡಿ.