ಪ್ಯಾಡ್ ಮಾರಿದ್ದಷ್ಟೇ ಅಲ್ಲ, ಕಟ್ಟೋದನ್ನೂ ಕಲಿಸಿದ ಹಾಕಿ ಅಂಗಡಿ

ಕೆನಡಾದ ಮಿಸ್ಸಿಸಾಗಾದಲ್ಲಿ ನಮ್ಮ ಮನೆ ಹತ್ತಿರದ ಹಾಕಿ ಅಂಗಡಿ ಇದು. ಮಗಳಿಗೆ ಹತ್ತು ವರ್ಷ, ಐಸ್ ಹಾಕಿಯಲ್ಲಿ ಗೋಲ್ ಕಾಯುತ್ತಾಳೆ. ಹೋದ ವರ್ಷ ಬೇರೆ ಕಡೆ ಕಾಲಿಗೆ ಕಟ್ಟೋ ಗೋಲಿ ಪ್ಯಾಡ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆವು. "ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ" ಅಂತ ಮಾರಿದವರು ಅಂದರು, ನಾವೂ ಹೂಂ ಅಂದೆವು. ಇಡೀ ಸೀಸನ್ ಮಂಡಿನೋವು. ಅವಳು ಕೆಳಗೆ ಕೂತಾಗಲೆಲ್ಲ ಮಂಡಿ ಪ್ಯಾಡಿನ ಒಳಮೆತ್ತೆಗೆ ಸಿಗದೆ ಜಾರಿ ಐಸಿಗೆ ಬಡಿಯುತ್ತಿತ್ತು.

ಇಲ್ಲಿ ಮೊದಲು ಅವಳನ್ನು ಕೂರಿಸಿ, ಸ್ಕೇಟ್ ಹಾಕಿಸಿ, ಕಾಲಿನ ಗಂಟಿನಿಂದ ಮಂಡಿಚಿಪ್ಪಿನ ನಡುವಿನವರೆಗೆ ಟೇಪ್ ಹಿಡಿದರು. ವಯಸ್ಸು, ಎತ್ತರ ಕೇಳಲೇ ಇಲ್ಲ. ಕೊನೆಗೆ ಕೊಟ್ಟಿದ್ದು 28+1, ಅಂದರೆ 28 ಇಂಚು, ತೊಡೆಯ ಕಡೆ ಇನ್ನೊಂದು ಇಂಚು.

ಆಮೇಲೆ ಆಗಿದ್ದೇ ಮುಖ್ಯ. ಅಲ್ಲಿನ ಹುಡುಗ ರಬ್ಬರ್ ಮ್ಯಾಟ್ ಮೇಲೆ ಎರಡೂ ಪ್ಯಾಡನ್ನು ಬೋರಲು ಹಾಕಿ, ಬಕಲ್ ಇರುವ ಬದಿ ಕಾಲಿನ ಹೊರಗಡೆ ಬರೋ ಹಾಗೆ ಇಟ್ಟು, ಮಗಳನ್ನು ಅದರ ಮೇಲೆ ಮಂಡಿಯೂರಿಸಿದ. ಪ್ಯಾಂಟ್, ನೀ ಗಾರ್ಡ್ (ಮಂಡಿಗೆ ಹಾಕೋ ಕವಚ), ಸ್ಕೇಟ್ ಎಲ್ಲ ಮೊದಲೇ ಆಗಿರಬೇಕು, ಎದೆಯ ಪ್ಯಾಡ್ ಮಾತ್ರ ಆಮೇಲೆ, ಇಲ್ಲದಿದ್ದರೆ ಬಗ್ಗೋಕೇ ಆಗಲ್ಲ. ಮೊದಲು ಸ್ಕೇಟ್ ತುದಿಗೆ ಕಟ್ಟುವ ಟೋ ಟೈ. ನಂತರ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪಟ್ಟಿ.

ನಾನು ಊರಲ್ಲಿ ಕ್ರಿಕೆಟ್ ಪ್ಯಾಡ್ ಕಟ್ಟಿ ಬೆಳೆದವನು. ಅಲ್ಲಿ ಅಲ್ಲಾಡಬಾರದು ಅಂತ ಬಿಗಿಯಾಗಿ ಕಟ್ಟುತ್ತೇವೆ, ಇವಳಿಗೂ ಹಾಗೇ ಕಟ್ಟುತ್ತಿದ್ದೆ. ಇಲ್ಲಿ ಅದು ತಪ್ಪು. ಬಟರ್‌ಫ್ಲೈ ಅಂತಾರಲ್ಲ, ಎರಡೂ ಮಂಡಿ ಐಸಿಗೆ ಇಳಿಸಿ ಕಾಲುಗಳನ್ನು ಅಕ್ಕಪಕ್ಕ ಚಾಚೋದು, ಆಗ ಪ್ಯಾಡ್ ಕಾಲಿನ ಸುತ್ತ ತಿರುಗಿ ಅದರ ಮುಖ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಕಡೆಗೆ ಬರಬೇಕು. ಬಿಗಿದು ಕಟ್ಟಿದರೆ ಪ್ಯಾಡ್ ತಿರುಗಲ್ಲ, ಅದರ ಬದಲು ಕಾಲಿನ ಗಂಟು, ಮಂಡಿ ತಿರುಚಿಕೊಳ್ಳುತ್ತವೆ. ಮಗುವಿನ ನೋವಿಗೆ ಅರ್ಧ ಕಾರಣ ನಾನು ಕಟ್ಟಿದ ರೀತಿಯೇ ಅಂತ ಗೊತ್ತಾದಾಗ ನಿಜಕ್ಕೂ ಬೇಜಾರಾಯಿತು. ಮೀನಖಂಡದ ಪಟ್ಟಿಯಲ್ಲಿ ಬೆರಳು ಆಡುವಷ್ಟು ಜಾಗ ಬಿಡಿಸಿ, ಹಳೇ ದಾರದ ಬದಲು ಇಲಾಸ್ಟಿಕ್ ಟೋ ಟೈ ಹಾಕಿಕೊಟ್ಟ. ಅಲ್ಲೇ ಹತ್ತು ಸಲ ಕೂತು ಎದ್ದಳು. ಪ್ರತಿ ಸಲ ಪ್ಯಾಡ್ ತಿರುಗಿ, ಎದ್ದ ಕೂಡಲೇ ವಾಪಸ್ ಮುಂದಕ್ಕೆ ಬಂತು.

ಬೆಲೆ ಕಡಿಮೆ ಅಲ್ಲ. ಶನಿವಾರ ಹೋಗಬೇಡಿ, ಸ್ಕೇಟ್ ಸಾಣೆ ಹಿಡಿಸೋಕೆ ಬಂದವರ ಸಾಲಿನಲ್ಲಿ ನಾವು ಮುಕ್ಕಾಲು ಗಂಟೆ ನಿಂತೆವು. ವಾರದ ದಿನ ಸಂಜೆ ಹೋಗಿ, ಮಗುವಿನ ಸ್ಕೇಟ್ ಮತ್ತು ನೀ ಗಾರ್ಡ್ ಮರೆಯದೆ ತಗೊಂಡು ಹೋಗಿ. ಅವಿಲ್ಲದೆ ತೆಗೆದ ಅಳತೆ ಉಪಯೋಗಕ್ಕೆ ಬರಲ್ಲ.