ಅಂಗೈಯಗಲದ ವಿಕಿರಣ ಮಾಪಕ: ಅಳತೆ ಸರಿ, ಎಚ್ಚರಿಕೆ ತಪ್ಪು

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಕೈಗಾ ಅಣುಸ್ಥಾವರದ ಮಾತು ಬಂದಾಗಲೆಲ್ಲ ಅತ್ತೆಯವರು, ‘ಅಲ್ಲಿಂದ ನಮ್ಮ ಅಂಗಳಕ್ಕೆ ಎಷ್ಟು ವಿಕಿರಣ ಬರುತ್ತಿದೆ ಅಂತ ಯಾರಾದರೂ ಅಳೆದಿದ್ದಾರಾ?’ ಎಂದು ಕೇಳುತ್ತಿದ್ದರು. ಅದಕ್ಕಾಗಿಯೇ 6,500 ರೂಪಾಯಿ ಕೊಟ್ಟು ಗೈಗರ್ ನಳಿಕೆಯ (ವಿಕಿರಣವನ್ನು ಎಣಿಸುವ ಅನಿಲ ತುಂಬಿದ ಕೊಳವೆ) ಪುಟ್ಟ ಮಾಪಕವೊಂದನ್ನು ತರಿಸಿ, 3 ತಿಂಗಳಿನಿಂದ ಬಳಸುತ್ತಿದ್ದೇನೆ.

ಅಳೆಯುವ ಕೆಲಸದಲ್ಲಿ ಇದು ಕೊಟ್ಟ ಹಣಕ್ಕೆ ಮೋಸ ಮಾಡಿಲ್ಲ. ಜಗಲಿಯಲ್ಲಿ ಗಂಟೆಗೆ 0.10 ಮೈಕ್ರೊಸೀವರ್ಟ್‌ನ (ದೇಹಕ್ಕೆ ತಗುಲುವ ವಿಕಿರಣವನ್ನು ಅಳೆಯುವ ಮಾನ) ಆಸುಪಾಸು ತೋರಿಸಿದರೆ, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ 0.18 ತೋರಿಸುತ್ತದೆ; ಗ್ರಾನೈಟ್‌ನಲ್ಲಿ ಸಹಜವಾಗಿಯೇ ಇರುವ ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂ ಇದಕ್ಕೆ ಕಾರಣ. ನಳಿಕೆ ಚಿಕ್ಕದಾದ್ದರಿಂದ ಅಂಕಿ ನಿಮಿಷಕ್ಕೊಮ್ಮೆ ಹಾರಾಡುತ್ತದೆ, ಹತ್ತು ನಿಮಿಷವಾದರೂ ಕಾಯಬೇಕು. ನನ್ನನ್ನು ಬೆರಗುಗೊಳಿಸಿದ್ದು ಮೊದಲ ಮಳೆ. ಗಾಳಿಯಲ್ಲಿರುವ ರೇಡಾನ್ ಅನಿಲದಿಂದ ಹುಟ್ಟಿದ ವಿಕಿರಣಶೀಲ ಸೀಸ ಮತ್ತು ಬಿಸ್ಮತ್‌ನ ಕಣಗಳನ್ನು ಮಳೆ ನೆಲಕ್ಕಿಳಿಸುವುದರಿಂದ ಅಂಗಳದ ಅಂಕಿ ಏರಿತು; ಅವುಗಳ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ) ಅರ್ಧ ಗಂಟೆಗಿಂತ ಕಡಿಮೆಯಾದ್ದರಿಂದ, ಮಳೆ ನಿಂತ ಒಂದೆರಡು ಗಂಟೆಗಳಲ್ಲಿ ಮೊದಲಿನ ಮಟ್ಟಕ್ಕೇ ಇಳಿಯಿತು.

ದೋಷವಿರುವುದು ಪರದೆಯ ಕೆಳಗಿನ ಪಟ್ಟಿಯಲ್ಲಿ. ಅದು ದಾಖಲಾದ ಅಷ್ಟೂ ವಿಕಿರಣವನ್ನು ಕೂಡಿಸುತ್ತಾ ಹೋಗಿ, ‘ವಾರ್ಷಿಕ ಮಿತಿ 1 ಮಿಲಿಸೀವರ್ಟ್, ಶೇ 28 ಮುಗಿದಿದೆ’ ಎಂದು ತೋರಿಸುತ್ತದೆ. 1 ಮಿಲಿಸೀವರ್ಟ್ ಎಂದರೆ 1,000 ಮೈಕ್ರೊಸೀವರ್ಟ್. ಈ ಲೆಕ್ಕದಲ್ಲಿ ವರ್ಷ ತುಂಬುವ ಮೊದಲೇ ಮಿತಿ ಮೀರುತ್ತದೆ. ಇದನ್ನು ಕಂಡ ಅತ್ತೆಯವರು ಅಡುಗೆಮನೆಯ ಕಲ್ಲನ್ನೇ ಕೀಳಿಸಬೇಕೇನೋ ಎಂದು ನಿದ್ದೆಗೆಟ್ಟರು.

ಆ 1 ಮಿಲಿಸೀವರ್ಟ್ ಎಂಬುದು ನಮ್ಮ ನೆಲ, ಆಕಾಶ, ಗೋಡೆಗಳ ಮಿತಿಯಲ್ಲ. ಅಣುಸ್ಥಾವರದಂಥ ಮಾನವ ಚಟುವಟಿಕೆಗಳಿಂದ ಜನರಿಗೆ ಹೆಚ್ಚುವರಿಯಾಗಿ ತಗುಲಬಹುದಾದ ವಿಕಿರಣಕ್ಕೆ ಹಾಕಿದ ಮಿತಿ ಅದು. ನೆಲ, ಆಕಾಶಗಳಿಂದ ಸದಾ ಬರುವ ನೈಸರ್ಗಿಕ ಹಿನ್ನೆಲೆ ವಿಕಿರಣವೂ, ರೋಗಿಗೆ ಮಾಡುವ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್‌ಗಳೂ ಅದರಲ್ಲಿ ಸೇರುವುದಿಲ್ಲ. ನೈಸರ್ಗಿಕ ಹಿನ್ನೆಲೆಯ ಜಾಗತಿಕ ಸರಾಸರಿಯೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಇದೆ. ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರ ಅಧ್ಯಯನದಿಂದ ಕ್ಯಾನ್ಸರ್ ಅಪಾಯ ಹಿಂದೆ ಅಂದಾಜಿಸಿದ್ದಕ್ಕಿಂತ ಹೆಚ್ಚೆಂದು ತಿಳಿದ ಮೇಲೆ, ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 1990ರ ಶಿಫಾರಸಿನಲ್ಲಿ ಸಾರ್ವಜನಿಕರಿಗೆ ಆ 1 ಮಿಲಿಸೀವರ್ಟ್ ಮಿತಿಯನ್ನು ನಿಗದಿಪಡಿಸಿತು. ಎಷ್ಟು ಅಲ್ಪ ವಿಕಿರಣಕ್ಕೂ ತಕ್ಕಷ್ಟು ಅಪಾಯವಿದೆಯೆಂದು ಊಹಿಸಿಕೊಂಡು ಲೆಕ್ಕ ಹಾಕಿದ್ದಲ್ಲದೆ, ರೇಡಾನ್ ಬಿಟ್ಟರೆ ನಿಸರ್ಗದಿಂದಲೇ ಬರುವುದು ವರ್ಷಕ್ಕೆ ಸುಮಾರು ಅಷ್ಟೇ ಎಂಬುದನ್ನೂ ಅದು ಗಣನೆಗೆ ತೆಗೆದುಕೊಂಡಿತ್ತು. ಹಾಗಾಗಿ ಇದು ಒಪ್ಪಬಹುದಾದ ಅಪಾಯದ ಬಗೆಗಿನ ತೀರ್ಮಾನವೇ ಹೊರತು, ದಾಟಿದೊಡನೆ ಕಾಯಿಲೆ ಬರುವ ಗೆರೆಯಲ್ಲ. 1983ರಲ್ಲಿ ಸ್ಥಾಪನೆಯಾದ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೂ ಜನರಿಗೆ ಇದೇ ಮಿತಿಯನ್ನು ಅನುಸರಿಸುತ್ತದೆ.

ಅತ್ತೆಯವರ ಮೂಲ ಪ್ರಶ್ನೆಗೆ ಈ ಮಾಪಕ ಉತ್ತರಿಸಲಾರದು, ಏಕೆಂದರೆ ವಿಕಿರಣ ಎಲ್ಲಿಂದ ಬಂತೆಂಬುದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿಯಲು ನೀರು, ಹಾಲು, ಮೀನುಗಳ ಮಾದರಿ ಪರೀಕ್ಷೆಯೇ ಬೇಕು. ಕೈಗಾದಲ್ಲಿ ಆ ಕೆಲಸಕ್ಕೆಂದೇ ಪರಿಸರ ಸಮೀಕ್ಷಾ ಪ್ರಯೋಗಾಲಯವಿದೆ.

ಮಕ್ಕಳಿಗೆ ವಿಜ್ಞಾನ ತೋರಿಸಲು, ಕಲ್ಲು, ಮಳೆಗಳಿಂದ ಅಂಕಿಯಲ್ಲಾಗುವ ವ್ಯತ್ಯಾಸ ನೋಡಲು ಧಾರಾಳವಾಗಿ ಕೊಳ್ಳಬಹುದು. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಆ ಶೇಕಡಾ ಪಟ್ಟಿಯನ್ನು ತೆಗೆಯಿರಿ, ಇಲ್ಲವೇ ಮಿತಿ ಯಾವುದಕ್ಕೆ ಅನ್ವಯಿಸುತ್ತದೆಂದು ಕನ್ನಡದಲ್ಲಿ ಒಂದು ಸಾಲು ಸೇರಿಸಿ ಎಂದು ತಯಾರಕರಿಗೆ ಎರಡು ಬಾರಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಆ ಪಟ್ಟಿಯ ಮೇಲೆ ಕಾಗದ ಅಂಟಿಸಿದ್ದೇನೆ.